ಅಜ್ಜನ ಮಡಚುವ ಕ್ಯಾಮೆರಾ ಮತ್ತು ಹೊಸ ಫಿಲ್ಮು

ನಮ್ಮ ತಂದೆಯವರು ತೀರಿಕೊಂಡ ಮೇಲೆ ಮಲೆನಾಡಿನ ಹಳೆಯ ಮನೆಯ ಅಟ್ಟವನ್ನು ಖಾಲಿ ಮಾಡಬೇಕಾಗಿ ಬಂದಿತು. ತಾಮ್ರದ ಹಂಡೆಗಳನ್ನೂ ಹಿತ್ತಾಳೆಯ ದೀಪದ ಕಂಬಗಳನ್ನೂ ಅಣ್ಣತಮ್ಮಂದಿರು ಹಂಚಿಕೊಂಡಾದ ಬಳಿಕ, ಯಾರಿಗೂ ಬೇಡವಾದ ಒಂದು ತಗಡಿನ ಟ್ರಂಕು ನನ್ನ ಪಾಲಿಗೆ ಉಳಿಯಿತು. ಅದರಲ್ಲಿ ಹಳೆಯ ಪಂಚಾಂಗಗಳಿದ್ದವು, ತೋಟದ ಲೆಕ್ಕದ ಪುಸ್ತಕಗಳಿದ್ದವು. ಅವುಗಳ ಅಡಿಯಲ್ಲಿ, ಕರಿಯ ಚರ್ಮ ಹೊದಿಸಿದ ಉದ್ದನೆಯ ಚಪ್ಪಟೆ ಪೆಟ್ಟಿಗೆಯೊಂದು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಂತೆಯೇ ಇತ್ತು. ಅಂಚಿನ ಗುಂಡಿಯನ್ನು ಒತ್ತಿ ಮುಂದಿನ ಮುಚ್ಚಳವನ್ನು ಕೆಳಕ್ಕೆ ಎಳೆದೊಡನೆ ಅದು ಪುಟ್ಟ ಹಲಗೆಯಾಗಿ ನಿಂತಿತು. ಒಳಗಿನ ಲೆನ್ಸನ್ನು ಹಳಿಯ ಮೇಲೆ ಮುಂದಕ್ಕೆ ಜಾರಿಸಿದಾಗ ಕಮ್ಮಾರನ ತಿದಿಯಂತಹ ಚರ್ಮದ ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಅದು ನಮ್ಮ ಅಜ್ಜನ ಕ್ಯಾಮೆರಾ.

ಅಜ್ಜ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದವರು. ತೋಟದ ದೊರೆ ತಾಯ್ನಾಡಿಗೆ ಹಿಂದಿರುಗುವಾಗ ಈ ಕ್ಯಾಮೆರಾವನ್ನು ಅವರಿಗೆ ಕೊಟ್ಟುಹೋದನೆಂದು ನಮ್ಮ ಮನೆಯಲ್ಲಿ ಹೇಳುವುದುಂಟು. ಅಜ್ಜ ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ಮಲೆನಾಡಿನ ಮಳೆಗೂ ಗೆದ್ದಲಿಗೂ ಆಹುತಿಯಾದವು. ಉಳಿದದ್ದು ಹತ್ತೋ ಹನ್ನೆರಡೋ. ಅವುಗಳಲ್ಲೊಂದು ನನ್ನ ಸೋದರತ್ತೆ ಹಸುಗೂಸಾಗಿದ್ದಾಗಿನದು. ಅಜ್ಜಿಯ ತೊಡೆಯ ಮೇಲೆ ಕಣ್ಣು ಕಿರಿದು ಮಾಡಿಕೊಂಡು ಕೂತ ಮಗು. ಅದರ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಅಜ್ಜನ ಕೈಬರಹವೇ ಕಾಣುತ್ತದೆ: ‘ಮಗು, ಯುಗಾದಿ, 1931’. ಶಾಯಿಯಲ್ಲಿ ಬರೆದದ್ದಲ್ಲ, ಫಿಲ್ಮಿನೊಳಗೇ ಬೆಳಕಿನಿಂದ ಮೂಡಿದ ಅಕ್ಷರ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಆ ಮಗುವಿಗೆ ಈಗ ತೊಂಬತ್ತನಾಲ್ಕು ದಾಟಿದೆ. ಅದೇ ಕ್ಯಾಮೆರಾದಲ್ಲಿ ಅತ್ತೆಯ ಚಿತ್ರವನ್ನು ಇನ್ನೊಮ್ಮೆ ತೆಗೆಯಬೇಕೆಂಬ ಆಸೆ ನನ್ನಲ್ಲಿ ಹುಟ್ಟಿತು. ಕ್ಯಾಮೆರಾವನ್ನು ಹಿಡಿದುಕೊಂಡು ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಅದನ್ನು ವಿನಯದಿಂದಲೇ ತಿರುಗಿಸಿ ನೋಡಿ, “ಸಾರ್, ಇದಕ್ಕೆ ಹಾಕುವ ಫಿಲ್ಮು ನಾನು ಹುಟ್ಟುವ ಮೊದಲೇ ನಿಂತುಹೋಗಿದೆ. ಷೋಕೇಸಿನಲ್ಲಿಡಿ, ಚೆನ್ನಾಗಿ ಕಾಣುತ್ತದೆ,” ಎಂದ. ಅವನ ಮಾತು ಸುಳ್ಳಾಗಿರಲಿಲ್ಲ. ಆದರೆ ಲೆನ್ಸು ಸ್ವಚ್ಛವಾಗಿತ್ತು, ಷಟರು ಟಿಕ್ ಎಂದು ತೆರೆದು ಮುಚ್ಚುತ್ತಿತ್ತು. ಯಾವ ಅಂಗವೂ ಕೆಡದ ಯಂತ್ರವೊಂದು ಸತ್ತದ್ದಾದರೂ ಹೇಗೆ? ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಹೇಳಿದವನಿಗೆ ಈ ಪ್ರಶ್ನೆಯನ್ನು ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ.

ಗಾಜಿನಿಂದ ಸುರುಳಿಗೆ

ಛಾಯಾಚಿತ್ರದ ಮೊದಲ ಅರ್ಧ ಶತಮಾನವು ಬಹುಮಟ್ಟಿಗೆ ಲೋಹದ ತಗಡು ಮತ್ತು ಗಾಜಿನ ಹಲಗೆಗಳ ಕಾಲ. ಒಂದು ಚಿತ್ರಕ್ಕೆ ಒಂದು ಗಾಜು. ಪ್ರವಾಸ ಹೊರಟ ಛಾಯಾಗ್ರಾಹಕ ಗಾಜಿನ ಪೆಟ್ಟಿಗೆಗಳನ್ನು ಹೊರಲು ಕೂಲಿಯಾಳುಗಳನ್ನೋ ಎತ್ತಿನ ಗಾಡಿಯನ್ನೋ ಗೊತ್ತು ಮಾಡಿಕೊಳ್ಳಬೇಕಿತ್ತು. ಅಮೆರಿಕದ ರಾಚೆಸ್ಟರ್ ನಗರದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ಜಾರ್ಜ್ ಈಸ್ಟ್‌ಮನ್ ಈ ಹೊರೆಯನ್ನು ಕಂಡು ಬೇಸತ್ತವನು. 1880ರ ಹೊತ್ತಿಗೆ ಅವನು ಗಾಜಿನ ಹಲಗೆಗಳನ್ನೇ ತಯಾರಿಸಿ ಮಾರಲಾರಂಭಿಸಿದ. ಆದರೆ ಅವನ ಮನಸ್ಸು ಸುರುಳಿ ಸುತ್ತಬಹುದಾದ ವಸ್ತುವೊಂದರ ಕಡೆಗಿತ್ತು. 1888ರಲ್ಲಿ ಅವನು ಕೊಡಾಕ್ ಎಂಬ ಹೆಸರಿನ ಕ್ಯಾಮೆರಾವನ್ನು ಹೊರತಂದ. ಬೆಲೆ 25 ಡಾಲರು. ಒಳಗೆ ನೂರು ಚಿತ್ರಗಳಿಗಾಗುವಷ್ಟು ಸುರುಳಿ. ನೂರೂ ಮುಗಿದ ಮೇಲೆ ಕ್ಯಾಮೆರಾವನ್ನೇ 10 ಡಾಲರಿನೊಡನೆ ರಾಚೆಸ್ಟರಿಗೆ ಕಳುಹಿಸಬೇಕು. ಚಿತ್ರಗಳು ಮುದ್ರಿತವಾಗಿ, ಕ್ಯಾಮೆರಾ ಹೊಸ ಸುರುಳಿ ತುಂಬಿಕೊಂಡು ಮರಳಿ ಬರುತ್ತಿತ್ತು. ಮರುವರ್ಷ, 1889ರಲ್ಲಿ, ಪಾರದರ್ಶಕವಾದ ಸೆಲ್ಯುಲಾಯ್ಡ್ ಫಿಲ್ಮು ಬಂದಿತು.

ಹೀಗೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸುವುದೇಕೆ? ಫಿಲ್ಮನ್ನು ಕತ್ತಲೆಯಲ್ಲಲ್ಲದೆ ತುಂಬುವಂತಿರಲಿಲ್ಲ. ಈ ತೊಡಕನ್ನು ಸೊಗಸಾಗಿ ಬಿಡಿಸಿದವನು ಬಾಸ್ಟನ್ ನಗರದ ಸ್ಯಾಮ್ಯುಯೆಲ್ ಟರ್ನರ್. ಅವನ ಸಂಸ್ಥೆ 1892ರಲ್ಲಿ ಹೊರತಂದ ‘ಬುಲ್ಸ್ ಐ’ ಎಂಬ ಕ್ಯಾಮೆರಾದಲ್ಲಿ, ಫಿಲ್ಮಿಗಿಂತ ಉದ್ದವಾದ ಕಪ್ಪು ಕಾಗದವೊಂದನ್ನು ಫಿಲ್ಮಿನ ಬೆನ್ನಿಗಿಟ್ಟು ಎರಡನ್ನೂ ಒಟ್ಟಿಗೆ ಸುತ್ತಲಾಗಿತ್ತು. ಸುರುಳಿಯ ಮೊದಲಿನಲ್ಲೂ ಕೊನೆಯಲ್ಲೂ ಕಾಗದ ಮಾತ್ರವಿರುವುದರಿಂದ ಹಗಲಿನಲ್ಲಿಯೇ ತುಂಬಬಹುದು, ತೆಗೆಯಬಹುದು. ಕಾಗದದ ಹಿಂಬದಿಯಲ್ಲಿ 1, 2, 3 ಎಂದು ಅಂಕಿಗಳು. ಕ್ಯಾಮೆರಾದ ಬೆನ್ನಿನಲ್ಲಿ ಕೆಂಪು ಬಣ್ಣದ ಪುಟ್ಟ ಕಿಂಡಿ. ಕೀಲಿ ತಿರುಗಿಸುತ್ತ ಹೋದಂತೆ ಆ ಕಿಂಡಿಯಲ್ಲಿ ಅಂಕಿ ಕಾಣಿಸಿಕೊಂಡರೆ ಅಲ್ಲಿಗೆ ನಿಲ್ಲಿಸುವುದು. ಈಸ್ಟ್‌ಮನ್ ಈ ಉಪಾಯದ ಬೆಲೆಯನ್ನು ಅರಿತು 1895ರಲ್ಲಿ ಆ ಸಂಸ್ಥೆಯನ್ನೇ ಕೊಂಡುಕೊಂಡ. ಇಂದು ಅಂಗಡಿಯಲ್ಲಿ ಸಿಗುವ 120 ಎಂಬ ಫಿಲ್ಮಿನ ಬೆನ್ನಿಗೂ ಅದೇ ಕಾಗದ, ಅದೇ ಅಂಕಿಗಳಿವೆ.

ಕಿಂಡಿಗೆ ಕೆಂಪು ಬಣ್ಣವೇ ಏಕೆಂದು ತರಗತಿಯಲ್ಲಿ ಕೇಳಿದರೆ ಉತ್ತರಿಸುವ ಜಾಣರು ನಿಮ್ಮಲ್ಲಿ ಇದ್ದಾರು. ಆ ಕಾಲದ ಫಿಲ್ಮಿಗೆ ನೀಲಿ, ಹಸಿರು ಬೆಳಕುಗಳು ತಾಕುತ್ತಿದ್ದವೇ ಹೊರತು ಕೆಂಪು ಬೆಳಕು ತಾಕುತ್ತಿರಲಿಲ್ಲ. ಕೆಂಪಿಗೆ ಅದು ಕುರುಡು. ಹಳೆಯ ಚಿತ್ರಗಳಲ್ಲಿ ನಮ್ಮ ಅಜ್ಜಿಯರ ಹಣೆಯ ಕುಂಕುಮ ಕಾಡಿಗೆಯಷ್ಟು ಕಪ್ಪಾಗಿ ಕಾಣುವುದು ಇದೇ ಕಾರಣದಿಂದ. ಈ ಚಿಕ್ಕ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಇದನ್ನು ಸರಿಯಾಗಿ ಮನಸ್ಸಿಗೆ ತಂದುಕೊಳ್ಳದೆ ನಾನು ತೆತ್ತ ದಂಡವನ್ನು ಆಮೇಲೆ ಹೇಳುತ್ತೇನೆ.

ಅಂಕಿಗಳ ಸಂತೆ

ಮಡಚಿ ಜೇಬಿನಲ್ಲೋ ಚೀಲದಲ್ಲೋ ಇಡಬಹುದಾದ ಕ್ಯಾಮೆರಾಗಳು 1890ರ ದಶಕದ ಕೊನೆಯಿಂದ ಒಂದರ ಹಿಂದೆ ಒಂದರಂತೆ ಬಂದವು. ಅಂದಿನ ಜನ ನೆಗೆಟಿವನ್ನು ದೊಡ್ಡದು ಮಾಡಿಸುತ್ತಿದ್ದುದು ಕಡಮೆ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಆದುದರಿಂದ ಚಿತ್ರದ ಅಳತೆಗೊಂದು ಕ್ಯಾಮೆರಾ, ಕ್ಯಾಮೆರಾಕ್ಕೊಂದು ಫಿಲ್ಮು. 1899ರಲ್ಲಿ ಬಂದ ಒಂದು ಅಳತೆಯಲ್ಲಿ ಚಿತ್ರ ಎರಡೂವರೆ ಅಂಗುಲ ಅಗಲ, ನಾಲ್ಕೂಕಾಲು ಅಂಗುಲ ಉದ್ದ. 1901ರಲ್ಲಿ ‘ನಂಬರ್ 2 ಬ್ರೌನಿ’ ಎಂಬ ಅಗ್ಗದ ಡಬ್ಬಿ ಕ್ಯಾಮೆರಾಕ್ಕಾಗಿ ಬಂದದ್ದು ಎರಡೂಕಾಲು ಅಂಗುಲಕ್ಕೆ ಮೂರೂಕಾಲು. 1903ರಲ್ಲಿ ಅಂಚೆ ಕಾರ್ಡಿನ ಅಳತೆಯ ಚಿತ್ರಕ್ಕೆ ಇನ್ನೊಂದು. 1912ರಲ್ಲಿ ಕೋಟಿನ ಒಳಜೇಬಿಗೆ ಹಿಡಿಸುವ ‘ವೆಸ್ಟ್ ಪಾಕೆಟ್ ಕೊಡಾಕ್’ಗೆ ಮತ್ತೊಂದು. ಅಳತೆಗಳು ಹೀಗೆ ಹೆಚ್ಚಿ ಗೊಂದಲವಾದಾಗ, 1913ರ ಸುಮಾರಿಗೆ ಕೊಡಾಕ್ ಸಂಸ್ಥೆ ತನ್ನ ಫಿಲ್ಮುಗಳಿಗೆ 101ರಿಂದ ಮೊದಲು ಮಾಡಿ ಕ್ರಮಸಂಖ್ಯೆ ಕೊಟ್ಟಿತು. ಮೇಲೆ ಹೇಳಿದ ನಾಲ್ಕಕ್ಕೆ ಕ್ರಮವಾಗಿ ಸಿಕ್ಕ ಸಂಖ್ಯೆಗಳು 116, 120, 122 ಮತ್ತು 127. ‘ಒನ್ ಟ್ವೆಂಟಿ’ ಎಂದು ನಮ್ಮೂರಿನ ಸ್ಟುಡಿಯೋದವರು ಹೇಳುತ್ತಿದ್ದ ಸಂಖ್ಯೆಗೆ ಬೇರೆ ಗೂಢಾರ್ಥವಿಲ್ಲ. ಅದು ಹಾಜರಿ ಪುಸ್ತಕದ ನಂಬರಿನಂತೆ.

ಅಜ್ಜನ ಕ್ಯಾಮೆರಾ ‘ನಂಬರ್ 1ಎ ಆಟೋಗ್ರಾಫಿಕ್ ಕೊಡಾಕ್’. 116ರ ಬಳಗದ್ದು. 1914ರಿಂದ 1924ರವರೆಗೆ ತಯಾರಾದ ಮಾದರಿ. ಆಟೋಗ್ರಾಫಿಕ್ ಎಂದರೆ ಸ್ವಂತ ಕೈಬರಹದ್ದು ಎಂದರ್ಥ. ಕ್ಯಾಮೆರಾದ ಬೆನ್ನಿನಲ್ಲಿ ಕಿರಿದಾದ ಬಾಗಿಲೊಂದಿದೆ, ಪಕ್ಕದಲ್ಲಿ ಸಿಕ್ಕಿಸಿದ ಲೋಹದ ಕಡ್ಡಿಯೊಂದಿದೆ. ಚಿತ್ರ ತೆಗೆದಾದ ಮೇಲೆ ಆ ಬಾಗಿಲನ್ನು ತೆರೆದು ಒಳಗೆ ಕಾಣುವ ಕಾಗದದ ಮೇಲೆ ಕಡ್ಡಿಯಿಂದ ಬರೆಯಬೇಕು. ಆ ವಿಶೇಷ ಫಿಲ್ಮಿನಲ್ಲಿ ತೆಳುವಾದ ಹೊರಕಾಗದಕ್ಕೂ ಫಿಲ್ಮಿಗೂ ನಡುವೆ ಕಾರ್ಬನ್ ಹಾಳೆಯಂತಹ ಪದರವಿರುತ್ತಿತ್ತು. ಕಡ್ಡಿ ಒತ್ತಿದಲ್ಲಿ ಆ ಪದರ ಸರಿದು ಬೆಳಕಿಗೆ ದಾರಿಯಾಗುತ್ತಿತ್ತು. ಬಾಗಿಲನ್ನು ಕೆಲವು ಕ್ಷಣ ಆಕಾಶಕ್ಕೆ ತೋರಿಸಿ ಮುಚ್ಚಿದರೆ ಎರಡು ಚಿತ್ರಗಳ ನಡುವಣ ಜಾಗದಲ್ಲಿ ಬರಹ ಅಚ್ಚಾಗುತ್ತಿತ್ತು. ಇದನ್ನು ಕಂಡುಹಿಡಿದ ಹೆನ್ರಿ ಗೈಸ್‌ಮನ್ ಎಂಬಾತನಿಗೆ ಈಸ್ಟ್‌ಮನ್ 1914ರಲ್ಲಿ ಕೊಟ್ಟ ಹಣ ಮೂರು ಲಕ್ಷ ಡಾಲರು. ಜನ ಇದನ್ನು ಅಷ್ಟಾಗಿ ಬಳಸಲಿಲ್ಲವೆಂದೇ ಹೇಳಬೇಕು; 1930ರ ದಶಕದ ಮೊದಲ ವರ್ಷಗಳಲ್ಲಿ ಆ ಫಿಲ್ಮು ನಿಂತುಹೋಯಿತು. ನಮ್ಮ ಅಜ್ಜ ಮಾತ್ರ, ಲೆಕ್ಕ ಬರೆದು ಪಳಗಿದ ಕೈಯಲ್ಲವೇ, ಕೊನೆಯ ರೋಲುಗಳ ಕಾಲದವರೆಗೂ ಬರೆದೇ ಬರೆದರು.

ಮಡಚುವ ಕ್ಯಾಮೆರಾಗಳು ಎಲ್ಲೆಲ್ಲಿಗೆ ಹೋದವೆಂಬುದಕ್ಕೆ ಒಂದೇ ಉದಾಹರಣೆ ಸಾಕು. 1924ರ ಎವರೆಸ್ಟ್ ಯಾತ್ರೆಯಲ್ಲಿ ಹೊವಾರ್ಡ್ ಸಾಮರ್‌ವೆಲ್ ಎಂಬ ವೈದ್ಯರು ತಮ್ಮ ವೆಸ್ಟ್ ಪಾಕೆಟ್ ಕೊಡಾಕನ್ನು ಜಾರ್ಜ್ ಮಲೋರಿಯ ಕೈಗೆ ಕೊಟ್ಟರು. ಜೂನ್ 8ರಂದು ಮಲೋರಿ ಮತ್ತು ಇರ್ವಿನ್ ಶಿಖರದತ್ತ ಹೋದವರು ಹಿಂದಿರುಗಲಿಲ್ಲ. 1999ರಲ್ಲಿ ಮಲೋರಿಯ ದೇಹ ಸಿಕ್ಕಿತು, 2024ರಲ್ಲಿ ಇರ್ವಿನ್‌ನ ಪಾದದ ಅವಶೇಷ ಸಿಕ್ಕಿತು, ಕ್ಯಾಮೆರಾ ಸಿಗಲಿಲ್ಲ. ಅವರು ಶಿಖರ ಮುಟ್ಟಿದ್ದರೇ ಎಂಬ ಪ್ರಶ್ನೆಗೆ ಉತ್ತರ ಆ 127ರ ಪುಟ್ಟ ಸುರುಳಿಯಲ್ಲಿ ಇರಬಹುದೆಂದು ಹುಡುಕುವವರು ಇಂದಿಗೂ ನಂಬಿದ್ದಾರೆ. ಆ ಸಾಮರ್‌ವೆಲ್ ಮುಂದೆ ತಿರುವಾಂಕೂರಿನ ನೆಯ್ಯೂರು ಆಸ್ಪತ್ರೆಯಲ್ಲಿ ಬಹುಕಾಲ ಬಡವರ ಸೇವೆ ಮಾಡಿದರು.

ಉಳಿದದ್ದು ಯಾವುದು, ಅಳಿದದ್ದು ಯಾವುದು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೊಡಾಕ್ ಸಂಸ್ಥೆ ಅಂಚೆ ಕಾರ್ಡಿನ ಅಳತೆಯ 122ನ್ನು 1971ರಲ್ಲಿ ನಿಲ್ಲಿಸಿತು. ಅಜ್ಜನ 116ನ್ನು 1984ರಲ್ಲಿ. 127ನ್ನು 1995ರಲ್ಲಿ. ಇವೆಲ್ಲ ಹೋಗಿ 1901ರ ಅಗ್ಗದ ಡಬ್ಬಿ ಕ್ಯಾಮೆರಾದ 120 ಮಾತ್ರ ಹೇಗೆ ಉಳಿಯಿತು? ಅದು ಎಲ್ಲಕ್ಕಿಂತ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ, ಹೊಸದೂ ಅಲ್ಲ.

ನನಗೆ ಉತ್ತರ ಹೊಳೆದದ್ದು 620 ಎಂಬ ಇನ್ನೊಂದು ಸಂಖ್ಯೆಯ ಕಥೆಯಿಂದ. 1930ರ ದಶಕದ ಆರಂಭದಲ್ಲಿ ಕೊಡಾಕ್ ಸಂಸ್ಥೆಯೇ 120ರ ಫಿಲ್ಮನ್ನು, ಅದೇ ಅಗಲ ಅದೇ ಉದ್ದದ್ದನ್ನು, ಸಣ್ಣ ದಿಂಡಿನ ತೆಳು ಸ್ಪೂಲಿಗೆ ಸುತ್ತಿ 620 ಎಂದು ಕರೆಯಿತು. ಸ್ಪೂಲು ತೆಳುವಾದರೆ ಕ್ಯಾಮೆರಾವೂ ತೆಳುವಾದೀತೆಂಬ ಲೆಕ್ಕಾಚಾರ. ಅಲ್ಲಿಂದ ಮುಂದೆ ಅದರ ಅನೇಕ ಕ್ಯಾಮೆರಾಗಳಿಗೆ 120ರ ಸ್ಪೂಲು ಹಿಡಿಸದಂತಾಯಿತು. ಇದೇ ರೀತಿ 116ಕ್ಕೆ 616 ಎಂಬ ತಮ್ಮ ಹುಟ್ಟಿದ. ಆದರೆ ಇತರ ತಯಾರಕರಲ್ಲಿ ಹಲವರು 120ನ್ನು ಬಿಡಲಿಲ್ಲ. ಜರ್ಮನಿಯ ಜೈಸ್ ಐಕಾನ್, ಆಗ್ಫಾ ಸಂಸ್ಥೆಗಳ ಮಡಚುವ ಕ್ಯಾಮೆರಾಗಳು ಅದನ್ನೇ ಬಳಸಿದವು. 1929ರಲ್ಲಿ ಬೇರೊಂದು ಸ್ಪೂಲಿನೊಡನೆ ಹುಟ್ಟಿದ ರೋಲಿಫ್ಲೆಕ್ಸ್ ಕೆಲವೇ ವರ್ಷಗಳಲ್ಲಿ 120ಕ್ಕೆ ಬಂದಿತು. 1948ರಲ್ಲಿ ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್, ಮುಂದೆ ಜಪಾನಿನ ಯಾಶಿಕಾ ಮ್ಯಾಟ್, ಎಲ್ಲವೂ 120.

ನಮ್ಮ ದೇಶದಲ್ಲಿಯೂ ಅಷ್ಟೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬ ಕ್ಯಾಮೆರಾ ನಿಮ್ಮಲ್ಲಿ ಹಲವರ ಮನೆಯಲ್ಲಿದ್ದೀತು; ಶಾಲೆಯ ಪ್ರವಾಸಗಳಿಗೆ ನಾನೂ ಅದನ್ನೇ ಎರವಲು ತರುತ್ತಿದ್ದೆ. ಊರೂರಿನ ಸ್ಟುಡಿಯೋಗಳಲ್ಲಿ ಮದುವೆಯ ಚಿತ್ರಗಳನ್ನು ತೆಗೆದದ್ದೂ 120ರಲ್ಲಿಯೇ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯ ‘ಇಂದು’ ಹೆಸರಿನ ಫಿಲ್ಮಿನ ಹಳದಿ, ಕೆಂಪು ಜಾಹೀರಾತುಗಳನ್ನು ಮರೆತಿರಾದರೂ ಆ ಫಿಲ್ಮಿನಲ್ಲಿ ತೆಗೆದ ನಿಮ್ಮ ತಂದೆತಾಯಿಯರ ಮದುವೆಯ ಚಿತ್ರ ಗೋಡೆಯ ಮೇಲೆ ಇದ್ದೀತು. ಆ ಕಾರ್ಖಾನೆ ಈಗಿಲ್ಲ.

ಕಡೆಗೆ ಆದದ್ದೇನು? ಕೊಡಾಕ್ ತನ್ನ 620ನ್ನು 1995ರಲ್ಲಿ ಕೈಬಿಟ್ಟಿತು. 2012ರ ಜನವರಿಯಲ್ಲಿ ಆ ಮಹಾಸಂಸ್ಥೆಯೇ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಬಾಗಿಲು ತಟ್ಟಿತು. ಆದರೆ 120 ಒಬ್ಬನ ಮನೆಯ ಆಸ್ತಿಯಾಗಿ ಉಳಿದಿರಲಿಲ್ಲ. ಊರ ಬಾವಿಯಂತೆ ಎಲ್ಲರ ಕೊಡವೂ ಅದರಲ್ಲಿ ಮುಳುಗಿ ಏಳುತ್ತಿದ್ದುದರಿಂದ ಅದನ್ನು ಮುಚ್ಚಿಸುವುದು ಯಾರೊಬ್ಬರ ಕೈಯಲ್ಲೂ ಇರಲಿಲ್ಲ. ಇಂದಿಗೂ ಇಂಗ್ಲೆಂಡಿನ ಇಲ್‌ಫರ್ಡ್, ಜೆಕ್ ದೇಶದ ಫೋಮಾ, ಅಮೆರಿಕದ ಕೊಡಾಕ್ ಹೆಸರಿನ 120 ಫಿಲ್ಮುಗಳು ದೊರೆಯುತ್ತವೆ. ಅಜ್ಜನ ಕ್ಯಾಮೆರಾ ಸತ್ತದ್ದು ಸವೆದು ಅಲ್ಲ; ಅದರ ಬಾವಿ ಬತ್ತಿತ್ತು. ಹಾಗಾದರೆ ಪಕ್ಕದ ಬಾವಿಯ ನೀರನ್ನು ಅದಕ್ಕೆ ಕುಡಿಸಲಾದೀತೇ ಎಂಬುದಷ್ಟೇ ಉಳಿದ ಪ್ರಶ್ನೆ.

ಹೊಂದಿಸುವ ಕೆಲಸ

116ರ ಫಿಲ್ಮಿನ ಅಗಲ 70 ಮಿಲಿಮೀಟರ್. 120ರದ್ದು ಸುಮಾರು 61.5. ಅಂದರೆ ಹೊಸ ಸ್ಪೂಲು ಹಳೆಯ ಮನೆಯೊಳಗೆ ಗಿಡ್ಡವಾಗಿ ಅಲುಗಾಡುತ್ತದೆ. ಎರಡೂ ತುದಿಗೆ ನಾಲ್ಕೈದು ಮಿಲಿಮೀಟರಿನ ಬಿಲ್ಲೆಗಳನ್ನು ಕೂಡಿಸಿ ಉದ್ದ ಮಾಡಬೇಕು. ಈ ಕೆಲಸಕ್ಕೆ ನನಗೆ ಒದಗಿದವನು ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಪಾಣಿಪತ್ ಯುದ್ಧಗಳ ಇಸವಿಗಳನ್ನು ಒಮ್ಮೆಯೂ ಸರಿಯಾಗಿ ಹೇಳದೆ ನನ್ನಿಂದ ಬೈಸಿಕೊಂಡವನು. ಕ್ಯಾಮೆರಾವನ್ನು ಕೈಗೆತ್ತಿಕೊಂಡು, ವರ್ನಿಯರ್ ಹಿಡಿದು ಎರಡು ನಿಮಿಷದಲ್ಲಿ ಅಳತೆ ಬರೆದುಕೊಂಡು, “ಸಾರ್, ಇದನ್ನು ಮಾಡಿದವನು ನೂರು ವರ್ಷದ ಹಿಂದೆ ಅರ್ಧ ಮಿಲಿಮೀಟರೂ ಆಚೀಚೆ ಬಿಟ್ಟಿಲ್ಲ ನೋಡಿ,” ಎಂದ. ಆ ಮಾತಿನಲ್ಲಿದ್ದ ಗೌರವವನ್ನು ಕೇಳಿ, ಇಸವಿಗಳಿಗಾಗಿ ನಾನು ಅವನನ್ನು ಬೈದದ್ದು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ನೈಲಾನ್ ಸರಳಿನಿಂದ ಎರಡು ಬಿಲ್ಲೆಗಳನ್ನೂ ಎರಡು ಬಳೆಗಳನ್ನೂ ಕಡೆದುಕೊಟ್ಟ. ಹಣ ತೆಗೆದುಕೊಳ್ಳಲಿಲ್ಲ.

ಬಿಲ್ಲೆಗಳು ಹೊಸ ಫಿಲ್ಮಿನ ಸ್ಪೂಲಿಗೆ. ಫಿಲ್ಮನ್ನು ಸುತ್ತಿಕೊಳ್ಳುವ ಬದಿಯಲ್ಲಿ ಅಜ್ಜನ ಕಾಲದ ಮರದ ದಿಂಡಿನ ಖಾಲಿ ಸ್ಪೂಲು ದೈವವಶಾತ್ ಕ್ಯಾಮೆರಾದೊಳಗೇ ಉಳಿದಿತ್ತು. ಕೀಲಿ ಅದಕ್ಕೆ ಸರಿಯಾಗಿ ಕೂರುತ್ತದೆ. ಬಳೆಗಳನ್ನು ಅದರ ಎರಡು ತುದಿಗೆ ತೊಡಿಸಿದರೆ ಕಾಗದ ಓರೆಯಾಗದೆ ನಡುವಿನಲ್ಲೇ ಸುತ್ತಿಕೊಳ್ಳುತ್ತದೆ. ಚಿತ್ರ ಬೀಳುವ ಚೌಕಟ್ಟಿನ ಅಗಲ ಎರಡೂವರೆ ಅಂಗುಲ, ಅಂದರೆ 63.5 ಮಿಲಿಮೀಟರ್, ಅದು ಹೊಸ ಫಿಲ್ಮಿಗಿಂತ ಅಗಲ. ಫಿಲ್ಮಿಗೆ ಅಂಚಿನ ಆಸರೆಯೇ ಇಲ್ಲದೆ ಒಳಕ್ಕೆ ಬಾಗುತ್ತದೆ. ಮೇಲೂ ಕೆಳಗೂ ಕಪ್ಪು ರಟ್ಟಿನ ಸಪೂರ ಪಟ್ಟಿಗಳನ್ನು ಅಂಟಿಸಿ ಚೌಕಟ್ಟನ್ನು 57 ಮಿಲಿಮೀಟರಿಗೆ ಇಳಿಸಿದೆ. ತಿದಿಯ ಮಡಿಕೆಗಳ ಮೂಲೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿವೆಯೇ ಎಂದು ನೋಡಲು ಕತ್ತಲ ಕೋಣೆಯಲ್ಲಿ ಒಳಗಿನಿಂದ ಟಾರ್ಚು ಹಾಕಿದೆ. ನಕ್ಷತ್ರಗಳಂತೆ ಏಳು ಕಂಡವು. ಕರಿಯ ಬಟ್ಟೆಬಣ್ಣವನ್ನು ಕಡ್ಡಿಯ ತುದಿಯಿಂದ ಎರಡೆರಡು ಬಾರಿ ಹಚ್ಚಿ ಮುಚ್ಚಿದೆ.

ಇನ್ನು ಅಂಕಿಗಳ ಸಮಸ್ಯೆ. 120ರ ಕಾಗದದ ಮೇಲಿನ ಅಂಕಿಗಳು ಬೇರೆ ಅಳತೆಯ ಚಿತ್ರಗಳಿಗಾಗಿ ಇರುವಂಥವು. ಈ ಉದ್ದನೆಯ ಚಿತ್ರಕ್ಕೆ ಅವು ಹೊಂದುವುದಿಲ್ಲ. ಬಳಸಿ ಬಿಸಾಡುವ ಒಂದು ರೋಲನ್ನು ಬೆನ್ನಿನ ಮುಚ್ಚಳ ತೆರೆದಿಟ್ಟೇ ಸುತ್ತಿ, ಪ್ರತಿ ಚಿತ್ರಕ್ಕೆ ಕೀಲಿಯನ್ನು ಎಷ್ಟು ಸುತ್ತು ತಿರುಗಿಸಬೇಕೆಂದು ಎಣಿಸಿ ಬರೆದುಕೊಂಡೆ. ಮೊದಲಿಗೆ ಎರಡೂವರೆ ಸುತ್ತು ಬೇಕು. ಸ್ಪೂಲು ದಪ್ಪವಾಗುತ್ತ ಹೋದಂತೆ ಕೊನೆಯಲ್ಲಿ ಎರಡಕ್ಕಿಂತ ಕಡಮೆ ಸಾಕು. ಒಂದು ರೋಲಿಗೆ ಆರು ಚಿತ್ರ.

ಲೆನ್ಸಿನ ಕೆಳಗಿನ ಅಂಕಿಗಳೂ ನನ್ನನ್ನು ದಾರಿ ತಪ್ಪಿಸುವುದರಲ್ಲಿದ್ದವು. ಅಲ್ಲಿ 4, 8, 16, 32, 64 ಎಂದಿದೆ. ಇಂದಿನ ಕ್ಯಾಮೆರಾಗಳ ಎಫ್ ಸಂಖ್ಯೆಗಳೆಂದು ತಿಳಿದರೆ ಕೆಟ್ಟೆವು. ಅವು 1880ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ಯೂನಿಫಾರ್ಮ್ ಸಿಸ್ಟಮ್’ ಎಂಬ ಹಳೆಯ ಪದ್ಧತಿಯವು. ಅದರಲ್ಲಿ ಅಂಕಿ ಇಮ್ಮಡಿಯಾದರೆ ಬೇಕಾದ ಬೆಳಕಿನ ಹೊತ್ತೂ ಇಮ್ಮಡಿ; ಮಗುವಿಗೂ ತಿಳಿಯುವ ಲೆಕ್ಕ. ಎಫ್ ಸಂಖ್ಯೆಯ ವರ್ಗವನ್ನು 16ರಿಂದ ಭಾಗಿಸಿದರೆ ಈ ಸಂಖ್ಯೆ ಬರುತ್ತದೆ. ಹೀಗಾಗಿ ಹಳೆಯ 4 ಎಂದರೆ ಎಫ್ 8; ಹಳೆಯ 8 ಎಂದರೆ ಎಫ್ 11; 32 ಎಂದರೆ ಎಫ್ 22. ಎರಡು ಪದ್ಧತಿಗಳೂ ಕೂಡುವುದು 16ರಲ್ಲಿ ಮಾತ್ರ. 100ರ ವೇಗದ ಫಿಲ್ಮಿಗೆ ಉರಿಬಿಸಿಲಿನಲ್ಲಿ ಐವತ್ತನೆಯ ಒಂದು ಸೆಕೆಂಡು ಇಟ್ಟರೆ ಹಳೆಯ 32 ಸರಿ. ಜಗಲಿಯ ನೆರಳಿನಲ್ಲಾದರೆ ಇಪ್ಪತ್ತೈದನೆಯ ಒಂದು ಸೆಕೆಂಡು, ಹಳೆಯ 8.

ಕೆಟ್ಟ ರೋಲು

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಊರಿಗೆ ಹೋಗಿ, ಅತ್ತೆಯನ್ನು ಅಂಗಳದಲ್ಲಿ ಕೂರಿಸಿ ಆರು ಚಿತ್ರಗಳನ್ನು ತೆಗೆದೆ. ಬೆಂಗಳೂರಿಗೆ ಬಂದು ಫಿಲ್ಮನ್ನು ತೊಳೆದಾಗ ಕಂಡದ್ದು ಮಸಿ ಮೆತ್ತಿದಂತಹ ಪಟ್ಟಿ. ಪ್ರತಿ ಚಿತ್ರದ ನಡುವೆಯೂ ದುಂಡನೆಯ ಕಲೆ. ಎರಡೂ ಅಂಚಿನಲ್ಲಿ ಬೆಳಕು ಹರಿದ ಗುರುತು. ಅತ್ತೆಯ ಮುಖ ಒಂದರಲ್ಲೂ ಇಲ್ಲ.

ದುಂಡನೆಯ ಕಲೆ ಕೆಂಪು ಕಿಂಡಿಯದು. ಇಂದಿನ ಸಾಮಾನ್ಯ ಕಪ್ಪು-ಬಿಳುಪು ಫಿಲ್ಮು ಎಲ್ಲ ಬಣ್ಣಗಳನ್ನೂ ಕಾಣಬಲ್ಲದು. ಅಜ್ಜನ ಕಾಲದ ಫಿಲ್ಮಿನಂತೆ ಅದು ಕೆಂಪಿಗೆ ಕುರುಡಲ್ಲ. ಅಂದು ಕಾವಲಾಗಿದ್ದ ಕೆಂಪು ಕಿಂಡಿ ಇಂದು ಕಳ್ಳನಿಗೆ ತೆರೆದಿಟ್ಟ ಬಾಗಿಲು. ಬರಹದ ಬಾಗಿಲಿಗೆ ಟೇಪು ಹಚ್ಚಿದ್ದ ನಾನು ಕಿಂಡಿಯನ್ನು ಹಾಗೆಯೇ ಬಿಟ್ಟು ಕ್ಯಾಮೆರಾವನ್ನು ಅರ್ಧ ಗಂಟೆ ಬಿಸಿಲಿನಲ್ಲಿಟ್ಟಿದ್ದೆ. ಅಂಚಿನ ಗುರುತುಗಳು ಬಂದದ್ದು, ಅಗಲದ ಹಳೆಯ ಸ್ಪೂಲಿನಲ್ಲಿ ಕಿರಿದಾದ ಕಾಗದ ಅಂಚುಗಳನ್ನು ಮುಚ್ಚಲಾರದೆಂಬುದನ್ನು ಯೋಚಿಸದೆ ಹಗಲಿನಲ್ಲಿಯೇ ರೋಲನ್ನು ಹೊರತೆಗೆದದ್ದರಿಂದ. ತಪ್ಪು ಕ್ಯಾಮೆರಾದ್ದೂ ಅಲ್ಲ, ಫಿಲ್ಮಿನದೂ ಅಲ್ಲ. ಒಂದು ಕಾಲದ ಯಂತ್ರವನ್ನು ಇನ್ನೊಂದು ಕಾಲದ ಸಾಮಗ್ರಿಯೊಡನೆ ಕೂಡಿಸುವಾಗ, ಆ ಯಂತ್ರ ಯಾವುದನ್ನು ನಂಬಿ ನಿಂತಿತ್ತೆಂಬುದನ್ನು ಮೊದಲು ಓದಿಕೊಳ್ಳಬೇಕಿತ್ತು. ಶಾಸನವನ್ನಾಗಲಿ ದಾಖಲೆಯನ್ನಾಗಲಿ ಅದರ ಕಾಲದಲ್ಲಿಟ್ಟು ಓದಬೇಕೆಂದು ನಿಮಗೆಲ್ಲ ಬೋರ್ಡಿನ ಮೇಲೆ ಬರೆದು ಕಲಿಸಿದವನು ನಾನೇ.

ಇನ್ನೊಂದು ರೋಲಿನೊಡನೆ ಊರಿಗೆ ಹೊರಡುವಷ್ಟರಲ್ಲಿ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದ ಸುದ್ದಿ ಬಂದಿತು. ಎರಡು ತಿಂಗಳು ಹಾಸಿಗೆ. ಆ ಎರಡು ತಿಂಗಳು ಕ್ಯಾಮೆರಾ ನನ್ನ ಮೇಜಿನ ಮೇಲೆ ಮಡಚಿಕೊಂಡೇ ಕೂತಿತ್ತು. ಹಾಳಾದ ಆ ಆರು ಚಿತ್ರಗಳೇ ಕೊನೆಯವಾದರೆ ಎಂಬ ಯೋಚನೆಯಲ್ಲಿ ಅದನ್ನು ನೋಡಲೂ ಮನಸ್ಸಾಗುತ್ತಿರಲಿಲ್ಲ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಸಾಲದೇ ಎಂದು ಮಕ್ಕಳು ಕೇಳಿದರು. ಅವರ ಮಾತು ನ್ಯಾಯವೇ, ಆದರೂ ಸಾಲದೆನಿಸಿತು.

ಯುಗಾದಿ

2025ರ ಯುಗಾದಿಗೆ ಅತ್ತೆ ಗೋಡೆ ಹಿಡಿದು ಜಗಲಿಯವರೆಗೆ ನಡೆಯುವಂತಾಗಿದ್ದರು. ಕಿಂಡಿಗೆ ಎರಡು ಪದರ ಕರಿಯ ಟೇಪು ಅಂಟಿಸಿದ್ದೆ. ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು, ಲೆನ್ಸಿನಿಂದ ಅತ್ತೆಯ ಕುರ್ಚಿಗೆ ಟೇಪು ಹಿಡಿದು ಎಂಟು ಅಡಿ ಅಳೆದು, ಹಳಿಯ ಮೇಲಿನ ಎಂಟರ ಗುರುತಿಗೆ ಲೆನ್ಸನ್ನು ನಿಲ್ಲಿಸಿದೆ. ಇಪ್ಪತ್ತೈದನೆಯ ಒಂದು ಸೆಕೆಂಡಿನಲ್ಲಿ ತಲೆ ಆಡಿಸಿದರೂ ಚಿತ್ರ ಕದಡುತ್ತದೆ. “ಅತ್ತೆ, ಒಂದು ಕ್ಷಣ ಅಲ್ಲಾಡಬೇಡಿ,” ಎಂದೆ.

“ಅಪ್ಪಯ್ಯನೂ ಇದನ್ನೇ ಹೇಳ್ತಿದ್ರು ಕಣೋ. ತೊಂಬತ್ತು ವರ್ಷ ಆಯ್ತು, ಈ ಪೆಟ್ಟಿಗೆಗೆ ಇನ್ನೂ ನಾನು ಅಲ್ಲಾಡಬಾರದು,” ಎಂದರು ಅತ್ತೆ. ಮನೆಯವರೆಲ್ಲ ನಕ್ಕರು. ಅವರು ಮಾತ್ರ ನಗಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಕೂತರು.

ರಾತ್ರಿ ಉಗ್ರಾಣದ ಬಾಗಿಲು ಹಾಕಿ, ಮೇಲೆ ಕಂಬಳಿ ಹೊದ್ದು, ತಡವಿ ತಡವಿ ರೋಲನ್ನು ಹೊರತೆಗೆದು ಕಪ್ಪು ಕಾಗದದಲ್ಲಿ ಸುತ್ತಿ ಡಬ್ಬಿಗಿಟ್ಟೆ. ಆರರಲ್ಲಿ ಎರಡು ಚಿತ್ರಗಳು ಚೆನ್ನಾಗಿ ಬಂದಿದ್ದವು, ಒಂದು ತುಸು ಮಸುಕು, ಮೂರು ಕದಡಿದ್ದವು. ಚೆನ್ನಾಗಿ ಬಂದ ಎರಡರಲ್ಲಿ ಅತ್ತೆಯ ಮುಖದ ಒಂದೊಂದು ಗೆರೆಯೂ ಎಣಿಸುವಂತಿದೆ. ಅವರ ಸೀರೆಯ ಕೆಂಪು ಅಂಚು ಹದವಾದ ಬೂದು ಬಣ್ಣಕ್ಕೆ ಬಂದಿದೆ. 1931ರ ಚಿತ್ರದಲ್ಲಿ ಅಜ್ಜಿಯ ಕುಂಕುಮ ಕಪ್ಪಾಗಿತ್ತಲ್ಲ, ಅದರ ಪಕ್ಕದಲ್ಲಿಟ್ಟು ನೋಡಿದರೆ ಎರಡು ಫಿಲ್ಮುಗಳ ನಡುವಿನ ಚರಿತ್ರೆ ಅಷ್ಟರಲ್ಲೇ ಇದೆ.

ಎರಡೂ ಮುದ್ರಿತ ಚಿತ್ರಗಳನ್ನು ಅತ್ತೆಯ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದ ಮೇಲೆ, ಹಳೆಯದರಲ್ಲಿ ಅಪ್ಪಯ್ಯ ಬರೆದಿದ್ದಾರಲ್ಲ, ಇದರಲ್ಲಿ ಬರಹವೆಲ್ಲಿ ಎಂದು ಕೇಳಿದರು. ಹೊಸ ಫಿಲ್ಮಿನ ಮೇಲೆ ಆ ಕಡ್ಡಿಯಿಂದ ಬರೆಯಲಾಗುವುದಿಲ್ಲವೆಂದು ವಿವರಿಸಿದೆ. ಹಾಗಾದರೆ ಪೆನ್ಸಿಲು ಕೊಡು ಎಂದರು. ನಡುಗುವ ಕೈಯಿಂದ ಚಿತ್ರದ ಹಿಂಬದಿಯಲ್ಲಿ ಅವರೇ ಬರೆದರು: ‘ಮಗು, ಯುಗಾದಿ, 2025’.

ಇದನ್ನು ಓದುತ್ತಿರುವ ನಿಮ್ಮ ಮನೆಯ ಅಟ್ಟದಲ್ಲಿಯೂ ಇಂತಹ ಪೆಟ್ಟಿಗೆಯೊಂದಿದ್ದರೆ ಗುಜರಿಯವನಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ತಿದಿಯ ಚರ್ಮ ಮೆತ್ತಗಿದ್ದು ಷಟರು ಆಡುತ್ತಿದ್ದರೆ ಮುಕ್ಕಾಲು ಕೆಲಸ ಆದಂತೆಯೇ. ಬಿಲ್ಲೆಗಳ ಅಳತೆಯನ್ನೂ ಸುತ್ತಿನ ಎಣಿಕೆಯನ್ನೂ ನಾನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಬೇಕಾದವರು ಮನೆಗೆ ಬನ್ನಿ. ಕೆಂಪು ಕಿಂಡಿಯನ್ನು ಮಾತ್ರ ಮರೆಯದೆ ಮುಚ್ಚಿ.